ನೂಲಿನ ಋಣ

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಮಾರಿದವನ ಹಕ್ಕು ಅಲ್ಲಿಗೆ ಮುಗಿಯಿತು, ಕೊಂಡವನ ಋಣವೂ ಅಲ್ಲಿಗೆ ತೀರಿತು ಎಂಬುದು ಪೇಟೆಯ ನ್ಯಾಯ. ಈ ನ್ಯಾಯವಿಲ್ಲದೆ ಲೋಕವ್ಯವಹಾರ ನಡೆಯದು. ಆದರೆ ಎಲ್ಲ ಋಣವೂ ಬೆಲೆಯಿಂದ ತೀರುತ್ತದೆಯೇ? ಮನುಷ್ಯನು ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆ ಎಂದು ನಮ್ಮ ಹಿರಿಯರು ಹೇಳಿದರು. ದೇವಋಣ ಯಜ್ಞದಿಂದ ತೀರುತ್ತದೆ, ಪಿತೃಋಣ ಸಂತಾನದಿಂದ ತೀರುತ್ತದೆ, ಋಷಿಋಣ ತೀರುವುದು ಕಲಿಕೆಯಿಂದ. ಹಿಂದಿನವರು ಕಂಡುಕೊಂಡದ್ದನ್ನು ನಾವು ಕಲಿತು, ಬಳಸಿ, ಮುಂದಿನವರ ಕೈಗೆ ಕೊಟ್ಟಾಗ ಮಾತ್ರ ಆ ಲೆಕ್ಕ ಚುಕ್ತಾ. ಈ ಮೂರನೆಯ ಋಣದ ಕುರಿತು ನನ್ನನ್ನು ಹೆಚ್ಚಾಗಿ ಯೋಚನೆಗೆ ಹಚ್ಚಿದ್ದು ಪರದೇಶದ ನೂಲಿನಂಗಡಿಗಳು ಎಂದರೆ ಓದುಗರಿಗೆ ವಿಚಿತ್ರವೆನಿಸಬಹುದು.

ನಮ್ಮ ಕಾಸರಗೋಡು ಸೀಮೆಯಲ್ಲಿ ಉಣ್ಣೆಗೆ ಕೆಲಸ ಕಡಿಮೆ. ಮಳೆಗಾಲದಲ್ಲಿ ಹುಟ್ಟಿದ ಶಿಶುವಿಗೆ ಒಂದು ಟೊಪ್ಪಿ, ಒಂದು ಜೊತೆ ಕಾಲುಚೀಲ, ಅಷ್ಟೇ. ಆದರೂ ಶಾಲೆಯಲ್ಲಿ ಹೊಲಿಗೆ ಟೀಚರು ಹೇಳಿಕೊಟ್ಟ ಹೆಣಿಗೆ ನನ್ನ ಕೈಬಿಟ್ಟು ಹೋಗಲಿಲ್ಲ. ಅಧ್ಯಾಪಿಕೆಯ ಕೆಲಸದಿಂದ ನಿವೃತ್ತಳಾದ ಮೇಲೆ, ಯುರೋಪಿನಲ್ಲಿರುವ ಮಗಳೊಂದಿಗೆ ನಾಲ್ಕು ಊರು ನೋಡುವ ಅವಕಾಶ ಬಂದಾಗ, ಹೋದಲ್ಲೆಲ್ಲ ನೂಲಿನಂಗಡಿ ಹುಡುಕುವುದು ನನಗೆ ಅಭ್ಯಾಸವಾಯಿತು. ಬೇರೆ ಅಂಗಡಿಗಳಲ್ಲಿ ಪ್ರವಾಸಿಗೆ ಸಿಗುವುದೆಲ್ಲ ಮಾಡಿ ಮುಗಿಸಿದ ವಸ್ತು. ತಂದು ಕಪಾಟಿನಲ್ಲಿಟ್ಟರೆ ಆಯಿತು. ನೂಲಿನಂಗಡಿಯೊಂದೇ ಮುಗಿಯದ ವಸ್ತುವನ್ನು ಮಾರುತ್ತದೆ. ಅಲ್ಲಿಯವರು 'ಏನು ಬೇಕು' ಎಂದು ಕೇಳುವುದಕ್ಕಿಂತ 'ಏನು ಮಾಡುತ್ತೀರಿ' ಎಂದು ಕೇಳುವುದೇ ಹೆಚ್ಚು. ಆ ಪ್ರಶ್ನೆಗೆ ಉತ್ತರ ಕೊಟ್ಟವರು ಬರಿಯ ನೋಟಕರಾಗಿ ಉಳಿಯುವುದಿಲ್ಲ.

ಇಂಥ ಅಂಗಡಿಗಳಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದವು ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನವು. ಹಾಲ್‌ಗ್ರಿಮ್ಸ್‌ಕಿರ್ಕ್ಯಾ ಎಂಬ ಎತ್ತರದ ಇಗರ್ಜಿಯ ಕಡೆಗೆ ಏರಿಹೋಗುವ ಬೀದಿಯಲ್ಲಿ ಅಲ್ಲಿಯ ಕೈಹೆಣಿಗೆಯವರ ಸಂಘದ ಅಂಗಡಿಯಿದೆ. ಪೇಟೆಯ ಹೊರಗೆ ಮೊಸ್‌ಫೆಲ್ಸ್‌ಬೈರ್ ಎಂಬಲ್ಲಿ 1896ರಲ್ಲಿ ಆರಂಭವಾದ ಆಲಾಫಾಸ್ ಗಿರಣಿಯ ಹಳೆಯ ಕಟ್ಟಡದಲ್ಲಿ ಇನ್ನೊಂದು. ಕಪಾಟುಗಳ ತುಂಬ ನೂಲು: ಬಿಳಿ, ಬೂದಿ, ಕಂದು, ಕಪ್ಪು. ಇವು ಬಣ್ಣ ಅದ್ದಿದವಲ್ಲ, ಕುರಿಯ ಮೈಬಣ್ಣವೇ ಹಾಗೆ. ಬಣ್ಣ ಹಾಕಿದವು ಬೇರೆ ಸಾಲಿನಲ್ಲಿವೆ.

ಆ ಕುರಿಗಳು ಒಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದು ನೆಲೆಸಿದ ನಾರ್ಡಿಕ್ ಜನರ ಜೊತೆ ಬಂದವುಗಳ ಸಂತತಿ. ಅವಕ್ಕೆ ಎರಡು ಪದರದ ತುಪ್ಪಳ. ಹೊರಗಿನ ಉದ್ದ, ಒರಟು ಕೂದಲು 'ತೋಗ್'; ಮಳೆಹನಿ ಅದರ ಮೇಲೆ ಜಾರಿಹೋಗುತ್ತದೆ. ಒಳಗಿನ ಮೆತ್ತನೆಯದು 'ಥೆಲ್'. ಮೈಯ ಬಿಸಿಯನ್ನು ಅದು ಹಿಡಿದಿಡುತ್ತದೆ. ಎರಡನ್ನೂ ಕೂಡಿಸಿ ಮಾಡಿದ ಹಗುರವಾದ ಉಣ್ಣೆಯ ಎಳೆಗೆ 'ಲೋಪಿ' ಎಂದು ಹೆಸರು. ಅದರಲ್ಲಿ ಒಂದು ಬಗೆಗೆ ಹುರಿಯೇ ಇಲ್ಲ. ತಟ್ಟೆಯಾಕಾರದಲ್ಲಿ ಸುತ್ತಿಟ್ಟ ಆ ಎಳೆಯನ್ನು ಜಗ್ಗಿದರೆ ಪಟಕ್ಕನೆ ಬಿಡಿಸಿಕೊಳ್ಳುತ್ತದೆ. ಆದರೆ ಮುರಿದ ಎರಡು ತುದಿಗಳನ್ನು ತುಸು ತೇವ ಮಾಡಿ ಅಂಗೈಗಳ ನಡುವೆ ಉಜ್ಜಿದರೆ ಗಂಟಿಲ್ಲದೆ ಕೂಡಿಕೊಳ್ಳುತ್ತದೆ. ಹೆಣೆದು ಮುಗಿದ ಮೇಲೆ ಬಲವಾಗಿ ನಿಲ್ಲುತ್ತದೆ.

ಆ ನಾಡಿನಲ್ಲಿ ಮಧ್ಯಯುಗದಲ್ಲಿ 'ವಾದ್‌ಮಾಲ್' ಎಂಬ ಉಣ್ಣೆಯ ಬಟ್ಟೆಯೇ ಹಣವಾಗಿ ಚಲಾವಣೆಯಲ್ಲಿತ್ತು. ಸಾಲ, ದಂಡ, ತೆರಿಗೆಗಳನ್ನು ಇಷ್ಟು ಮೊಳ ಬಟ್ಟೆ ಎಂದು ಲೆಕ್ಕಹಾಕುತ್ತಿದ್ದರು. ಅದನ್ನು ನೇಯುತ್ತಿದ್ದವರು ಹೆಂಗಸರು. ಒಂದು ದೇಶದ ನಾಣ್ಯವೇ ಹೆಂಗಸರ ಬೆರಳಿನಿಂದ ಹೊರಬರುತ್ತಿತ್ತು ಎಂಬುದನ್ನು ತಿಳಿದ ಮೇಲೆ, ಬೆಲೆ ಬೇರೆ, ದುಡಿಮೆ ಬೇರೆ ಎಂದು ವಿಂಗಡಿಸಿ ನೋಡುವುದು ನನಗೆ ಕಷ್ಟವಾಯಿತು.

ಈಗ ನೈತಿಕ ಪ್ರಶ್ನೆಗೆ ಬರೋಣ. ಆ ಅಂಗಡಿಯಲ್ಲಿ ಒಂದು ಗೋಡೆಗೆ ನೂಲು, ಇನ್ನೊಂದು ಗೋಡೆಗೆ ಹೆಣೆದು ಸಿದ್ಧವಾದ 'ಲೋಪಾಪೇಸಾ', ಎಂದರೆ ಕೊರಳ ಸುತ್ತ ಚಿತ್ತಾರವಿರುವ ಅಲ್ಲಿಯ ಪ್ರಸಿದ್ಧ ಸ್ವೆಟರ್. ನೂಲಿನ ಬೆಲೆ ಸಾಧಾರಣ, ಸ್ವೆಟರಿನದು ಅದರ ಹಲವು ಪಟ್ಟು. ನೂಲನ್ನು ಕೊಂಡು ಮನೆಯಲ್ಲಿ ಹೆಣೆದರೆ ಹಣ ಉಳಿಯುತ್ತದೆ. ಆದರೆ ಉಳಿಯುವ ಆ ಹಣ ಯಾರದು? ಅದು ಅಲ್ಲಿಯ ಯಾವಳೋ ಹೆಂಗಸಿನ ಸಂಜೆಗಳ ಕೂಲಿ. ಮನೆಯಲ್ಲಿ ಕುಳಿತು ಹೆಣೆಯುವವರಿಗೆ ತಮ್ಮ ಕೆಲಸವನ್ನು ತಾವೇ ಮಾರಲು, ತಕ್ಕ ಬೆಲೆ ಪಡೆಯಲು ಒಂದು ನೆಲೆ ಬೇಕೆಂದೇ 1977ರಲ್ಲಿ ಆ ಸಂಘ ಹುಟ್ಟಿದ್ದು. ಮುಂದೆ ಪ್ರವಾಸಿಗರು ಹೆಚ್ಚಿದಂತೆ ಕೆಲವು ವ್ಯಾಪಾರಿಗಳು ಅದೇ ಉಣ್ಣೆಯನ್ನು ಚೀನಾಕ್ಕೆ ಕಳಿಸಿ, ಅಲ್ಲಿ ಕಡಿಮೆ ಕೂಲಿಗೆ ಹೆಣೆಸಿ ತಂದು ಮಾರತೊಡಗಿದರು. ಉಣ್ಣೆ ಅಲ್ಲಿಯದೇ, ವಿನ್ಯಾಸ ಅಲ್ಲಿಯದೇ, ಕೈ ಮಾತ್ರ ಬೇರೆ. ಇದು ಮೋಸವೇ ಅಲ್ಲವೇ ಎಂದು ಆ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ 2020ರಲ್ಲಿ 'ಐಸ್‌ಲ್ಯಾಂಡಿನ ಲೋಪಾಪೇಸಾ' ಎಂಬ ಹೆಸರಿಗೆ ಕಾನೂನಿನ ರಕ್ಷಣೆ ದೊರೆಯಿತು. ಅಲ್ಲಿಯ ಕುರಿಯ ಉಣ್ಣೆಯಾಗಿರಬೇಕು, ಆ ನೆಲದಲ್ಲೇ ಕೈಯಿಂದ ಹೆಣೆದದ್ದಾಗಿರಬೇಕು.

ಇದು ನ್ಯಾಯವೆಂದೇ ನನ್ನ ಅಭಿಪ್ರಾಯ. ನಮ್ಮ ಕಾಸರಗೋಡು ಸೀರೆಗೂ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಎಲ್ಲಿಯೋ ಯಂತ್ರದಲ್ಲಿ ನೇಯ್ದ ಬಟ್ಟೆಗೆ ಆ ಹೆಸರು ಅಂಟಿಸಿದರೆ ನಮ್ಮ ನೇಕಾರರ ಅನ್ನಕ್ಕೆ ಕುತ್ತು. ಹೆಸರು ದುಡಿದವರದು, ಅದನ್ನು ಕೊಳ್ಳಲಾಗದು. ನಾನು ಇಲ್ಲಿ ಕುಳಿತು ಅದೇ ನೂಲಿನಿಂದ ಎಷ್ಟು ಚೆನ್ನಾಗಿ ಹೆಣೆದರೂ ಅದು ಐಸ್‌ಲ್ಯಾಂಡಿನ ಲೋಪಾಪೇಸಾ ಆಗುವುದಿಲ್ಲ. ಬೆಚ್ಚಗಿನ ಒಂದು ಸ್ವೆಟರ್ ಆಗುತ್ತದೆ.

ಆದರೆ ಹೆಸರಿಗೆ ಬೇಲಿ ಹಾಕಿದ ಆ ಜನ ನೂಲಿಗೆ ಬೇಲಿ ಹಾಕಲಿಲ್ಲ. ಅದೇ ಅಂಗಡಿಯಲ್ಲಿ ವಿನ್ಯಾಸದ ಪುಸ್ತಕಗಳನ್ನೂ ಇಟ್ಟಿದ್ದಾರೆ, ಇಂಗ್ಲಿಷಿನಲ್ಲಿ ಕೂಡ. 'ನಮ್ಮ ಹೆಸರು ನಮಗೆ ಬಿಡಿ, ನಮ್ಮ ವಿದ್ಯೆಯನ್ನು ಕಲಿಯಿರಿ' ಎಂಬಂತಿತ್ತು ಆ ವ್ಯವಸ್ಥೆ. ಸ್ವೆಟರ್ ಕೊಂಡವರು ನ್ಯಾಯವಾದ ಬೆಲೆ ಕೊಟ್ಟರೆ ಅವರ ಋಣ ಸಂದಿತು, ಅದರಲ್ಲಿ ಕಡಿಮೆಯೇನೂ ಇಲ್ಲ. ನೂಲು ಕೊಂಡವರ ಬಾಕಿ ಬೇರೆ ತೆರನಾದದ್ದು. ಅವರು ಹೆಣೆಯಬೇಕು, ಬರದಿದ್ದರೆ ಕಲಿಯಬೇಕು. ಹೆಣೆಯದೆ ಪೆಟ್ಟಿಗೆಯಲ್ಲಿಟ್ಟರೆ ನುಸಿಗೆ ಆಹಾರ. ಋಷಿಋಣವೆಂದರೆ ಇದೇ ಅಲ್ಲವೆ?

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಆ ಸ್ವೆಟರು ಪುರಾತನವಾದದ್ದೇನೂ ಅಲ್ಲ. ಹೆಣಿಗೆಯೇ ಆ ದ್ವೀಪಕ್ಕೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಕೊರಳ ಚಿತ್ತಾರದ ಈ ರೂಪ ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಗ್ರೀನ್‌ಲ್ಯಾಂಡಿನ ಹೆಂಗಸರ ಮಣಿಗೊರಳಿನಿಂದಲೋ ನೆರೆಯ ಸ್ವೀಡನ್, ನಾರ್ವೆಗಳ ಹೆಣಿಗೆಯಿಂದಲೋ ಪ್ರೇರಣೆ ಬಂದಿರಬೇಕೆಂದು ಹೇಳುತ್ತಾರೆ. ಹಾಗಾದರೆ ಅದು 'ಅವರದು' ಹೇಗಾಯಿತು? ಸಾವಿರಾರು ಕೈಗಳು ಅದನ್ನು ಮತ್ತೆ ಮತ್ತೆ ಹೆಣೆದುದರಿಂದ. ಯಾವುದೇ ಜನರಿಗೆ ಒಂದು ವಸ್ತು ಸ್ವಂತವಾಗುವುದು ಹಳತೆಂಬ ಕಾರಣಕ್ಕಲ್ಲ, ಬಿಡದೆ ಮಾಡುತ್ತ ಬಂದ ಕಾರಣಕ್ಕೆ.

ಆ ಜನರ ಭಾಷೆಯನ್ನು ನೋಡಿದರೂ ಇದೇ ಮಾತು ಕಾಣುತ್ತದೆ. ಇಡೀ ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷದೊಳಗೆ. 2011ರ ಜನಗಣತಿಯಂತೆ ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲೇ ಹದಿಮೂರು ಲಕ್ಷ ಜನ. ಅಷ್ಟು ಚಿಕ್ಕ ಜನಸಮುದಾಯ ಹೊಸ ವಸ್ತು ಬಂದಾಗ ಅದರ ಪರದೇಶಿ ಹೆಸರನ್ನೇ ಸಿದ್ಧ ಉಡುಪಿನಂತೆ ತೊಡದೆ, ತಮ್ಮಲ್ಲಿದ್ದ ಹಳೆಯ ಎಳೆಯಿಂದ ಹೊಸ ಪದ ಹೆಣೆಯಲು ನೋಡುತ್ತದೆ. ಟೆಲಿಫೋನಿಗೆ ಅವರ ಹೆಸರು 'ಸೀಮಿ'. ಹಳೆಯ ನುಡಿಯಲ್ಲಿ ದಾರ ಎಂಬ ಅರ್ಥವಿದ್ದ, ಬಳಕೆ ತಪ್ಪಿದ್ದ ಪದವನ್ನು ಎಬ್ಬಿಸಿ ತಂದದ್ದು. ಕಂಪ್ಯೂಟರಿಗೆ 'ತೋಲ್ವ', ಸಂಖ್ಯೆ ಮತ್ತು ಭವಿಷ್ಯ ನುಡಿಯುವವಳು ಎಂಬ ಎರಡು ಪದಗಳನ್ನು ಕೂಡಿಸಿ ಕಟ್ಟಿದ್ದು. ಇಂಗ್ಲಿಷಿನ ಒತ್ತಡ ಅಲ್ಲಿಯ ಮಕ್ಕಳ ಮೇಲೂ ಇದೆ, ಆ ಚಿಂತೆ ಅವರಿಗೂ ಇದೆ. ಆದರೆ ಭಾಷೆಯನ್ನು ಅವರು ನೂಲಾಗಿಯೇ ಇಟ್ಟುಕೊಂಡಿದ್ದಾರೆ.

ನಮ್ಮ ಸ್ಥಿತಿ ಹೇಗಿದೆ? ನವೆಂಬರ್ ಒಂದು ಬಂತೆಂದರೆ ಅತ್ತ ರಾಜ್ಯೋತ್ಸವ, ಇತ್ತ ಕೇರಳಪ್ಪಿರವಿ. 1956ರ ಅದೇ ದಿನ ನಮ್ಮನ್ನು ಗಡಿನಾಡಿನವರನ್ನಾಗಿಯೂ ಮಾಡಿತು. ಆ ದಿನ ಶಾಲು ಹೊದಿಸುತ್ತೇವೆ, ಹಾಡು ಹಾಡಿಸುತ್ತೇವೆ. ಎರಡನೆಯ ದಿನಕ್ಕೆ ಕನ್ನಡ ಮತ್ತೆ ಪೆಟ್ಟಿಗೆ ಸೇರುತ್ತದೆ. ಹೆಣೆದು ಮುಗಿದ ಉಡುಪಿನಂತೆ ಅದನ್ನು ಮಕ್ಕಳಿಗೆ ಕೊಡುತ್ತಿದ್ದೇವೆ. ವರ್ಷಕ್ಕೊಮ್ಮೆ ತೊಡಬಹುದು, ಆದರೆ ಬೆಳೆಯುವ ಮೈಗೆ ಅದು ಬೇಗನೆ ಗಿಡ್ಡವಾಗುತ್ತದೆ. ನನ್ನ ಮೊಮ್ಮಗಳು ಕನ್ನಡ ಮಾತನಾಡುತ್ತಾಳೆ, ಓದಲಾರಳು. ಪರದೇಶದಲ್ಲಿ ಬೆಳೆಯುವ ಮಗು, ಹಾಗಾಯಿತು ಎನ್ನಬಹುದು. ಇಲ್ಲೇ, ಕನ್ನಡ ಶಾಲೆಯ ಗಂಟೆ ಕೇಳಿಸುವ ಮನೆಗಳಲ್ಲಿ ಬೆಳೆಯುವ ಎಷ್ಟು ಮಕ್ಕಳ ಮಾತೂ ಅದೇ ಅಲ್ಲವೆ?

ಇದಕ್ಕೆ ತಂದೆತಾಯಿಯರನ್ನು ದೂರುವುದು ಸುಲಭ. ಮಕ್ಕಳ ಅನ್ನದ ದಾರಿ ನೋಡಿ ಬೇರೆ ಮಾಧ್ಯಮದ ಶಾಲೆಗೆ ಕಳಿಸಿದವರನ್ನು ತಪ್ಪಿತಸ್ಥರೆನ್ನಲು ನನಗೆ ಮನಸ್ಸಿಲ್ಲ. ಎಲ್ಲರೂ ಎಲ್ಲವನ್ನೂ ಹೆಣೆಯಲಾಗದು, ಹೊತ್ತು ಬೇಕು. ಹಕ್ಕುಗಳಿಗಾಗಿ ಹೋರಾಡಬೇಕೆಂಬುದರಲ್ಲಿಯೂ ಎರಡು ಮಾತಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದೂ ಸೇರಿದ್ದು 1956ರಲ್ಲೇ. ಆದರೆ ಕಾನೂನು ಅಂಗಡಿಯ ಬಾಗಿಲನ್ನು ತೆರೆದಿಡಬಲ್ಲುದು, ನಮಗಾಗಿ ಹೆಣೆಯಲಾರದು. ಮನೆಗೊಬ್ಬರಾದರೂ ಹೆಣೆಯುವವರಿದ್ದರೆ ಸಾಕು: ಅಜ್ಜಿಗೆ ಕನ್ನಡದಲ್ಲಿ ಒಂದು ಕಾಗದ, ಅಡುಗೆಯ ಕ್ರಮವನ್ನು ಬರೆದಿಟ್ಟ ಒಂದು ಪುಸ್ತಕ, ಮಲಗುವ ಮುನ್ನ ಗಟ್ಟಿಯಾಗಿ ಓದಿದ ಒಂದು ಕತೆ. ತಲೆಮಾರುಗಳ ನಡುವೆ ಎಳೆ ಮುರಿದಿದ್ದರೂ ಕೂಡಿಸಲು ಬರುತ್ತದೆ ಎಂಬುದನ್ನು ಆ ಹುರಿಯಿಲ್ಲದ ಲೋಪಿ ನನಗೆ ತೋರಿಸಿತು. ಮೊಮ್ಮಗಳಿಗೆ ಈಗ ಹೆಣಿಗೆಯನ್ನೂ ಅಕ್ಷರವನ್ನೂ ಒಟ್ಟಿಗೆ ಹೇಳಿಕೊಡುತ್ತಿದ್ದೇನೆ. ಎರಡರಲ್ಲೂ ಅವಳು ಬಿಚ್ಚಿ ಬಿಚ್ಚಿ ಮತ್ತೆ ಹಾಕುತ್ತಾಳೆ.

ಕೊನೆಗೊಂದು ಮಾತನ್ನು ಈ ದ್ವಿಭಾಷಾ ಸಂಚಿಕೆಯಲ್ಲೇ ಹೇಳಬೇಕು. ಕನ್ನಡ, ತುಳುಗಳಲ್ಲಿ 'ನೂಲು', ಮಲಯಾಳ, ತಮಿಳುಗಳಲ್ಲಿ 'ನೂಲ್'. ತಮಿಳಿನಲ್ಲಿ ಅದೇ ಪದಕ್ಕೆ ಗ್ರಂಥವೆಂಬ ಅರ್ಥವೂ ಇದೆ, ಸಂಸ್ಕೃತದ 'ಸೂತ್ರ'ದಂತೆ. ಬಸ್ಸಿನಲ್ಲಿ, ರೇಷನ್ ಅಂಗಡಿಯಲ್ಲಿ, ಕಚೇರಿಯಲ್ಲಿ ದಿನವೂ ಬಳಸುವ ಮಲಯಾಳದ ಋಣವೂ ನಮ್ಮ ಮೇಲಿದೆ. ಅದನ್ನು ಕೆಲಸಕ್ಕೆ ಬೇಕಾದಷ್ಟು ತೊಟ್ಟು ಕಳಚಿದರೆ ಆ ಋಣ ತೀರದು. ಅದರ ಕವಿತೆಯೊಂದನ್ನು ಓದಿ ಸವಿಯುವಷ್ಟಾದರೂ ಕಲಿಯಬೇಕು. ನೆರೆಯ ಮಲಯಾಳಿ ಬಂಧುಗಳ ಮೇಲೆ ಕನ್ನಡದ ಋಣವೂ ಹಾಗೆಯೇ ಇದೆ. ಕನ್ನಡಿಗರೆಂಬ ಹೆಸರನ್ನು ನಾವು ಉಳಿಸಿಕೊಳ್ಳೋಣ, ಅದು ನಮ್ಮ ಹಕ್ಕು. ನೂಲನ್ನು ಮಾತ್ರ, ಹೆಣೆಯುತ್ತೇನೆಂದು ಕೈ ಚಾಚಿದ ಯಾರಿಗೂ ಇಲ್ಲವೆನ್ನದಿರೋಣ.