ಕೊಟ್ಟ ಮಾತಿಗೆ ಸಾಕ್ಷಿ ಯಾರು?

ನಮ್ಮ ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ತಯಾರಾಗುವ ಇಂಧನವೇ ಕಾರವಾರ ಸೀಮೆಯ ಕೈಗಾ ಸ್ಥಾವರಕ್ಕೆ ಹೋಗುವುದು. ಅಲ್ಲಿಯ ಸುರಕ್ಷತೆ ನಮಗೆ ದೂರದ ಮಾತಲ್ಲ. 1994ರ ಮೇ 13ರಂದು, ಇನ್ನೂ ಇಂಧನ ತುಂಬದಿದ್ದ ಕೈಗಾದಲ್ಲಿ, ಕಟ್ಟುತ್ತಿದ್ದ ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಬಿತ್ತು. ಅಪಘಾತವಾದರೆ ವಿಕಿರಣವನ್ನು ತಡೆಯಬೇಕಾದ ಗುಮ್ಮಟವೇ! ವಿನ್ಯಾಸ ತಿದ್ದಿ ಮತ್ತೆ ಕಟ್ಟಿದರು. ವಿದ್ಯುತ್ತು ಬಂದದ್ದು 2000ದಲ್ಲಿ. ತಡವಾಯಿತೆಂದು ಗೊಣಗಬಹುದು, ನನಗಂತೂ ಆ ವರ್ಷಗಳು ದಂಡವೆನಿಸಿಲ್ಲ.

ಆದರೆ ‘ಸರಿಪಡಿಸುತ್ತೇವೆ’ ಎಂಬ ಮಾತು ನಡೆಯಿತೇ ಎಂದು ನೋಡುವವರಾರು? 1983ರಲ್ಲಿ ರಚಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯನ್ನು ಪರಮಾಣು ಶಕ್ತಿ ಆಯೋಗದ ಕೈಕೆಳಗಿಟ್ಟರು. ಆಯೋಗದ ಅಧ್ಯಕ್ಷರೇ ಸ್ಥಾವರಗಳ ಹೊಣೆ ಹೊತ್ತ ಇಲಾಖೆಯ ಕಾರ್ಯದರ್ಶಿಯಾಗಿದ್ದರು. 2012ರಲ್ಲಿ ಮಹಾಲೇಖಪಾಲರೂ ಮಂಡಳಿಯ ಪರಾಧೀನತೆಯನ್ನು ಎತ್ತಿ ತೋರಿಸಿದರು. ಅಧಿಕಾರಿಗಳು ಅಪ್ರಾಮಾಣಿಕರೆಂದಲ್ಲ. ಯಜಮಾನನ ಸಂಬಳ ತಿನ್ನುವ ಗುಮಾಸ್ತ, ಯಜಮಾನನದೇ ಸಾಲಪತ್ರವನ್ನು ಎಷ್ಟು ಸಲ ಅವನ ಮುಂದೆ ಹಿಡಿದಾನು?