ತಲೆ ಕೊಟ್ಟವರ ಊರು

ಸ್ಪೇನಿನ ಉತ್ತರ ಕರಾವಳಿಯ ಸಾಂತಾಂದೆರ್ ಬಂದರಿಗೆ ಇಬ್ಬರು ಕಾವಲು ಸಂತರಿದ್ದಾರೆ, ಎಮೆತೇರಿಯೊ ಮತ್ತು ಸೆಲೆದೋನಿಯೊ. ಇಬ್ಬರೂ ರೋಮನ್ ಸೈನಿಕರು. ಕ್ರಿಸ್ತನನ್ನು ಬಿಡಲೊಲ್ಲೆವು ಎಂದದ್ದಕ್ಕೆ ಸುಮಾರು ಕ್ರಿ.ಶ. 300ರ ಹೊತ್ತಿಗೆ ಒಳನಾಡಿನ ಕಲಾಹೊರ್ರಾದಲ್ಲಿ ಅವರ ತಲೆ ಕಡಿದರು. ಆ ತಲೆಗಳು ಕಲ್ಲಿನ ದೋಣಿಯೊಂದರಲ್ಲಿ ಎಬ್ರೊ ನದಿ ಇಳಿದು, ಕಡಲು ಸೇರಿ, ಸ್ಪೇನ್ ಪೋರ್ಚುಗಲ್‌ಗಳನ್ನೆಲ್ಲ ಬಳಸಿ ಈ ಕೊಲ್ಲಿಗೆ ಬಂದವು ಎಂಬುದು ಐತಿಹ್ಯ. ಅಡ್ಡ ನಿಂತ ಬಂಡೆಯನ್ನು ದೋಣಿ ತೂತು ಕೊರೆದು ದಾಟಿತಂತೆ. ಕಮಾನಿನಂತಿದ್ದ ಆ ಬಂಡೆಯನ್ನು ಊರಿನವರು ತಲೆತಲಾಂತರದಿಂದ ತೋರಿಸುತ್ತಿದ್ದರು. 2005ರ ಬಿರುಗಾಳಿಯಲ್ಲಿ ಕಮಾನು ಕುಸಿಯಿತು. ಐತಿಹ್ಯಕ್ಕೆ ಏನೂ ಆಗಲಿಲ್ಲ. ನಗರದ ಲಾಂಛನದಲ್ಲಿ ಇವತ್ತಿಗೂ ಆ ಎರಡು ತಲೆಗಳಿವೆ, ಆಗಸ್ಟ್ 30ಕ್ಕೆ ಅವರ ಹಬ್ಬವೂ ಇದೆ.

ನಾನು ಹಡಗಿನ ಎಂಜಿನ್ ರೂಮಿನಲ್ಲಿ ದುಡಿದವನು, ಮಲ್ಪೆಯ ಮೊಗವೀರರ ಮನೆಯವನು. ಕಾರು ಸಾಗಿಸುವ ಹಡಗುಗಳಲ್ಲಿದ್ದಾಗ ಸಾಂತಾಂದೆರ್‌ನ ರಾವೊಸ್ ಕಟ್ಟೆಗೆ ಬರುವುದಿತ್ತು. ಲೋಡಿಂಗ್ ನಡೆಯುವಾಗ ಕೆಲವು ಗಂಟೆ ಬಿಡುವು ಸಿಕ್ಕರೆ ಊರು ಸುತ್ತುತ್ತಿದ್ದೆ. ನೋಡಬೇಕಾದದ್ದು ಬೇಕಾದಷ್ಟಿದೆ: ಹದಿಮೂರನೇ ಅಲ್ಫೊನ್ಸೊ ದೊರೆಯ ಬೇಸಿಗೆಯ ವಾಸಕ್ಕೆಂದು ಊರವರು ಕಟ್ಟಿಸಿಕೊಟ್ಟ ಮಗ್ದಲೇನಾ ಅರಮನೆ, ಸಾರ್ದಿನೇರೊದ ಉದ್ದನೆಯ ಮರಳ ದಂಡೆ, 2017ರಲ್ಲಿ ತೆರೆದ, ರೆಂಜೊ ಪಿಯಾನೊ ವಿನ್ಯಾಸದ ಬೊತೀನ್ ಕಲಾಕೇಂದ್ರ. ಎಲ್ಲವೂ ಚೆಂದವೇ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕ್ಯಾಥೆಡ್ರಲ್ಲಿನ ಕೆಳಗಿನ ಗುಡಿ.

ಅಲ್ಲಿ ಒಂದರ ಮೇಲೊಂದು ಎರಡು ಗುಡಿಗಳು. ಕೆಳಗಿನದು ಹದಿಮೂರನೇ ಶತಮಾನದ್ದು. ದಪ್ಪ ಕಂಬಗಳು ತಗ್ಗಾದ ಕಮಾನುಗಳನ್ನು ಹೊತ್ತುಕೊಂಡಿವೆ, ತಲೆಯ ಮೇಲೆ ಭಾರ ಇಳಿದುಬಂದಂತೆ ಅನಿಸುತ್ತದೆ. ನೆಲದಲ್ಲಿ ಅಲ್ಲಲ್ಲಿ ಗಾಜು ಹಾಕಿ ಅಡಿಯಲ್ಲಿರುವ ರೋಮನ್ ಕಾಲದ ಗೋಡೆಗಳನ್ನು ಕಾಣುವಂತೆ ಮಾಡಿದ್ದಾರೆ. ಸಂತರ ಅವಶೇಷಗಳಿರುವುದು ತಲೆಯ ಆಕಾರದ ಬೆಳ್ಳಿ ಕರಂಡಕಗಳಲ್ಲಿ. ಮೇಲಿನ ಗುಡಿಯಲ್ಲಿ ಅರಬಿ ಬರಹ ಕೆತ್ತಿದ ಕಲ್ಲಿನ ಬೋಗುಣಿಯೊಂದಿದೆ, ಅದನ್ನೇ ತೀರ್ಥದ ಪಾತ್ರೆ ಮಾಡಿಕೊಂಡಿದ್ದಾರೆ. ಅದರ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಈ ಊರು ಎರಡು ಸಲ ನಾಶವಾಯಿತು.

ಮೊದಲನೆಯದು 1893ರ ನವೆಂಬರ್ 3. ಬಿಲ್ಬಾವೊದಿಂದ ಬಂದ ಕಾಬೊ ಮಚಿಚಾಕೊ ಎಂಬ ಉಗಿಹಡಗಿನಲ್ಲಿ 50 ಟನ್ನಿಗೂ ಹೆಚ್ಚು ಡೈನಮೈಟ್ ಇತ್ತು. ಡೆಕ್ಕಿನ ಮೇಲೆ ಗಂಧಕಾಮ್ಲದ ಬುದ್ದಲಿಗಳು. ಹೋಲ್ಡಿನಲ್ಲಿ ಕಬ್ಬಿಣದ ಸರಕು. ಇಂಥ ಹಡಗನ್ನು ಊರಿನಿಂದ ದೂರ ಕಟ್ಟಬೇಕೆಂದು ನಿಯಮವಿದ್ದರೂ ಮಲಿಯಾನ್ಯೊ ಕಟ್ಟೆಗೆ, ಮನೆಗಳ ಎದುರಿಗೇ ಕಟ್ಟಿದ್ದರು. ಡೆಕ್ಕಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಬೆಂಕಿ ನೋಡಲು ಜನ ಸೇರಿದರು, ಮಕ್ಕಳನ್ನು ಕರೆದುಕೊಂಡು ಬಂದವರೂ ಇದ್ದರು. ಆರಿಸಲು ನಿಂತವರಲ್ಲಿ ಅಲ್ಫೊನ್ಸೊ XIII ಎಂಬ ಇನ್ನೊಂದು ಹಡಗಿನ ನಾವಿಕರಿದ್ದರು, ಪ್ರಾಂತದ ಗವರ್ನರ್ ಇದ್ದರು. ಸ್ಫೋಟವಾದಾಗ ಕಟ್ಟೆಯ ಮೇಲಿದ್ದವರ ಜೊತೆ ಹೋಲ್ಡಿನ ಕಬ್ಬಿಣವೂ ಮೇಲೆದ್ದು ಊರಿನ ಮೇಲೆ ಸುರಿಯಿತು. ಸತ್ತವರು ಸುಮಾರು 590 ಮಂದಿ. ಸುಮಾರು 50,000 ಜನರ ಊರಿನಲ್ಲಿ.

ಎರಡನೆಯದು 1941ರ ಫೆಬ್ರವರಿ 15. ಆ ರಾತ್ರಿ ಅಲ್ಲಿನವರು ಅಂಜುವ ದಕ್ಷಿಣದ ಗಾಳಿ ಬಿರುಗಾಳಿಯಾಗಿ ಬೀಸುತ್ತಿತ್ತು. ಕ್ಯಾಥೆಡ್ರಲ್ಲಿಗೆ ಹತ್ತಿರದ ಕಾದಿಸ್ ಬೀದಿಯಲ್ಲಿ ಹೊತ್ತಿದ ಬೆಂಕಿಯನ್ನು ಗಾಳಿ ಕ್ಯಾಥೆಡ್ರಲ್ಲಿಗೂ, ಅಲ್ಲಿಂದ ಹಳೇ ಊರಿನ ಮರದ ಉಪ್ಪರಿಗೆಗಳಿಗೂ ಹಬ್ಬಿಸಿತು. ಸುಮಾರು 10,000 ಜನ ಮನೆ ಕಳೆದುಕೊಂಡರು. ಮೇಲಿನ ಗುಡಿ ಸುಟ್ಟಿತು, ಕೆಳಗಿನದು ಉಳಿಯಿತು. ಬೆಂಕಿಗೆ ಬಲಿಯಾದವನು ಒಬ್ಬನೇ, ಮ್ಯಾಡ್ರಿಡ್‌ನಿಂದ ನೆರವಿಗೆ ಬಂದ ಅಗ್ನಿಶಾಮಕ ದಳದವನು.

ಭಕ್ತನಾದವನು ಇಲ್ಲಿ ಲೆಕ್ಕ ಹಾಕದೆ ಇರಲಾರ. ಇಡೀ ಊರು ಉರಿದರೂ ಒಬ್ಬನೇ ಸತ್ತದ್ದು ಸಂತರ ಕೃಪೆ ಎನ್ನೋಣವೇ? ಹಾಗಾದರೆ 1893ರ 590 ಹೆಣಗಳನ್ನು ಯಾರ ಖಾತೆಗೆ ಬರೆಯುವುದು? ಆ ದಿನ ಸಂತರು ಮೈಮರೆತಿದ್ದರೇ? ಜಮೆ ಬರೆದವನು ಖರ್ಚನ್ನೂ ಬರೆಯಬೇಕು, ಇಲ್ಲವಾದರೆ ಅದು ಲೆಕ್ಕವಲ್ಲ. ಜೊತೆಗೆ ಆ ಅಗ್ನಿಶಾಮಕನ ಮನೆಯವರ ಮುಂದೆ ನಿಂತು 'ಒಬ್ಬನೇ' ಎನ್ನುವ ಧೈರ್ಯ ನನಗಂತೂ ಇಲ್ಲ. ಪಾಪದ ಫಲ ಎಂಬ ವಿವರಣೆ ಇದಕ್ಕಿಂತ ಕ್ರೂರ. ಅಪ್ಪನ ಹೆಗಲೇರಿ ಹಡಗಿನ ಬೆಂಕಿ ನೋಡಲು ಬಂದ ಮಗು ಯಾವ ಪಾಪ ಮಾಡಿತ್ತು? ಆ ಮಾತನ್ನು ಯಾವ ಧರ್ಮದವರು ಆಡಿದರೂ ನಾನು ಒಪ್ಪುವುದಿಲ್ಲ.

ಆದರೂ ಜನ ಸಂತರನ್ನು ಬಿಡಲಿಲ್ಲ. ಸುಟ್ಟ ಗುಡಿಯನ್ನು ಹಿಂದಿಗಿಂತ ವಿಸ್ತಾರವಾಗಿ ಕಟ್ಟಿದರು. ಇದು ಬರೀ ರೂಢಿಯ ಬಲವೇ? ನನಗೆ ಹಾಗೆ ಕಾಣುವುದಿಲ್ಲ, ಅದಕ್ಕೆ ಕಾರಣ ನನ್ನ ಚಿಕ್ಕಮ್ಮ.

ನಮ್ಮ ಕಡೆ ಕಡಲಿಗೆ ಹೋಗುವವರನ್ನು ಕಾಯುವ ದೈವ ಬೊಬ್ಬರ್ಯ. ಚಿಕ್ಕಪ್ಪ ಮೀನಿಗೆ ಹೋದವರು ತಿರುಗಿ ಬರಲಿಲ್ಲ. ಮರುವರ್ಷದ ಕೋಲಕ್ಕೆ ಚಿಕ್ಕಮ್ಮ ಎಂದಿನಂತೆ ಹೂವು, ಎಳನೀರು ಹಿಡಿದು ಹೊರಟಾಗ ನನಗೆ ಸಿಟ್ಟು ಬಂದಿತ್ತು. "ಕಾಯದವನಿಗೆ ಇದೆಲ್ಲ ಯಾಕೆ ಚಿಕ್ಕಮ್ಮ?" ಎಂದು ಕೇಳಿಯೇಬಿಟ್ಟೆ. ಅವರು ಸೆರಗು ಸರಿಮಾಡಿಕೊಳ್ಳುತ್ತ, "ಅವನೂ ಕಡಲಲ್ಲೇ ಸತ್ತವನಲ್ವಾ ಮಗಾ. ನನ್ನ ಸಂಕಟ ಅವನಿಗಲ್ಲದೆ ಇನ್ಯಾರಿಗೆ ತಿಳೀತದೆ?" ಎಂದರು.

ಸಾಂತಾಂದೆರ್‌ನ ಬೆಳ್ಳಿ ತಲೆಗಳ ಮುಂದೆ ನನಗೆ ಆ ಮಾತಿನ ಪೂರ್ತಿ ತೂಕ ತಿಳಿಯಿತು. ಈ ಊರು ತನ್ನ ಕಾವಲಿಗೆ ಆರಿಸಿಕೊಂಡದ್ದು ಗೆದ್ದ ದಂಡನಾಯಕರನ್ನಲ್ಲ, ತಮ್ಮ ತಲೆಯನ್ನೇ ಉಳಿಸಿಕೊಳ್ಳದ ಇಬ್ಬರನ್ನು. ಉಳಿಸಿಕೊಳ್ಳುವ ದಾರಿ ಅವರಿಗಿತ್ತು, ಒಂದು ಮಾತು ಬದಲಿಸಿದ್ದರೆ ಸಾಕಿತ್ತು. ಅವರು ಬದಲಿಸಲಿಲ್ಲ. ಅಂಥವರ ಮುಂದೆ ಮೊಣಕಾಲೂರಿದವರು ನನಗೆ ಏನೂ ಆಗದಿರಲಿ ಎಂದು ಬೇಡಿರಬಹುದು, ಎಲ್ಲರೂ ಬೇಡುತ್ತೇವೆ. ಆದರೆ ಮರುದಿನ ಆಗಬಾರದ್ದು ಆದಾಗಲೂ ಮತ್ತೆ ಅಲ್ಲಿಗೇ ಬರಲು ಸಾಧ್ಯವಾಗುವುದು, ಆಗಬಾರದ್ದು ಆದವರೇ ಅಲ್ಲಿರುವುದರಿಂದ. ಇದನ್ನು ನಾನು ರಕ್ಷಣೆ ಎಂದೇ ಕರೆಯುತ್ತೇನೆ. ವಿಪತ್ತನ್ನು ತಡೆಯುವ ರಕ್ಷಣೆಯಲ್ಲ, ವಿಪತ್ತಿನೊಳಗೆ ಮನುಷ್ಯನನ್ನು ಒಂಟಿ ಮಾಡದ ರಕ್ಷಣೆ.

ಹಾಗಾದರೆ ವಿಪತ್ತನ್ನು ತಡೆಯುವವರು ಯಾರು? ನಾವು. ಇದನ್ನು ಹಡಗಿನವನಾಗಿ ಹೇಳುತ್ತಿದ್ದೇನೆ. ಅಪಾಯಕಾರಿ ಸರಕನ್ನು ಇಂದು ವರ್ಗ ಹಚ್ಚಿ, ಕಾಗದದಲ್ಲಿ ನಮೂದಿಸಿ, ಒಂದರ ಹತ್ತಿರ ಇನ್ನೊಂದು ಬರದಂತೆ ಇಡಬೇಕು. ಸ್ಫೋಟಕಗಳದ್ದು ಒಂದನೇ ವರ್ಗ. ಆ ಕಾಗದಕ್ಕೆ ಸಹಿ ಹಾಕುವವನ ಕೈ ದೇವರ ಕೈಯಲ್ಲ. ಮಚಿಚಾಕೊದ ದುರಂತದಲ್ಲಿ ದೈವದ ಗುಟ್ಟು ಹುಡುಕಬೇಕಾಗಿಲ್ಲ. ಎಲ್ಲಿ ಕಟ್ಟಬೇಕೋ ಅಲ್ಲಿ ಕಟ್ಟಲಿಲ್ಲ, ಜನರನ್ನು ದೂರ ಕಳಿಸಬೇಕಾದಾಗ ಕಳಿಸಲಿಲ್ಲ. ಮುಳುಗಿದ ಹಡಗಿನ ಹೊಟ್ಟೆಯಲ್ಲಿ ಡೈನಮೈಟ್ ಇನ್ನೂ ಉಳಿದಿತ್ತು. ಅದನ್ನು ತೆಗೆಯುವಾಗ 1894ರ ಮಾರ್ಚಿನಲ್ಲಿ ಮತ್ತೆ ಸಿಡಿದು ಇನ್ನೂ 15 ಜನ ಸತ್ತರು. ಇದನ್ನೆಲ್ಲ ವಿಧಿಯ ಮೇಲೆ ಹೊರಿಸಿದರೆ ಸತ್ತವರಿಗೆ ಎರಡನೇ ಸಲ ಅನ್ಯಾಯ ಮಾಡಿದಂತೆ.

1941ರ ನಂತರದ ಕಥೆಯೂ ಹೀಗೇ. ಬೆಂಕಿ ಸಿರಿವಂತ, ಬಡವ ಎನ್ನದೆ ಎಲ್ಲರನ್ನೂ ಬೀದಿಗೆ ತಂದಿತು. ಮರುನಿರ್ಮಾಣ ಹಾಗಿರಲಿಲ್ಲ. ಫ್ರಾಂಕೊ ಆಡಳಿತದಲ್ಲಿ ನಡುವೂರು ಅಗಲ ರಸ್ತೆ, ಅಂಗಡಿ, ಕಚೇರಿಗಳಿಂದ ತುಂಬಿತು, ಹಳೇ ಓಣಿಗಳ ಬಡವರಿಗೆ ಊರಾಚೆಯ ಬಡಾವಣೆಗಳು ಸಿಕ್ಕವು. ಬೆಂಕಿಯನ್ನು ಗಾಳಿ ಹರಡಿತು, ಈ ಹಂಚಿಕೆಯನ್ನು ಗಾಳಿ ಮಾಡಲಿಲ್ಲ.

ಸಾಂತಾಂದೆರ್‌ಗೆ ಹೋಗುವ ಕನ್ನಡಿಗರಿಗೆ ನನ್ನದೊಂದು ಸಲಹೆ. ಮೊದಲು ಕೆಳಗಿನ ಗುಡಿಗೆ ಹೋಗಿ. ಆಮೇಲೆ ಕಾದಿಸ್ ಬೀದಿಯಲ್ಲಿ ನಡೆದು ಮಚಿಚಾಕೊದಲ್ಲಿ ಸತ್ತವರ ಸ್ಮಾರಕದವರೆಗೆ ಬನ್ನಿ. ಮೂರೂ ಕೂಗಳತೆಯಲ್ಲೇ ಇವೆ. ಅರಮನೆ, ಮರಳ ದಂಡೆಗಳಿಗೆ ಮಧ್ಯಾಹ್ನದ ಮೇಲೆ ಹೋದರೂ ಆದೀತು.