ಅಭ್ಯಾಸ ಆಗಿದೆ ಸಾರ್

ಪಂಚೇಂದ್ರಿಯಗಳಲ್ಲಿ ಮೂಗಿನಷ್ಟು ಬೇಗ ರಾಜಿಯಾಗುವುದು ಇನ್ನೊಂದಿಲ್ಲ. ಪಕ್ಕದ ಬೀದಿಯ ಧ್ವನಿವರ್ಧಕ ರಾತ್ರಿಯಿಡೀ ಕೂಗಿದರೆ ಕಿವಿ ರಾತ್ರಿಯಿಡೀ ದೂರುತ್ತದೆ. ಮೂಗು ಹಾಗಲ್ಲ. ಮೀನುಮಾರುಕಟ್ಟೆಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಅದು ಅಲ್ಲಿಯದೇ ಆಗಿಬಿಡುತ್ತದೆ. ಬದುಕಿಗೆ ಇದು ಅನುಕೂಲದ ಗುಣವೇ. ಆದರೆ ನಾನು ಹೊಟ್ಟೆಪಾಡಿಗೆ ಮಾಡಿದ ಕೆಲಸದಲ್ಲಿ ಈ ಗುಣದಷ್ಟು ನನ್ನನ್ನು ಹೆದರಿಸಿದ್ದು ಮತ್ತೊಂದಿಲ್ಲ.

ನಾನು ಭೂವಿಜ್ಞಾನ ಓದಿದವನು. ಬಹುಕಾಲ ನೀರು ಎಲ್ಲಿದೆ ಎಂದು ಹುಡುಕಿ ಬೋರ್‌ವೆಲ್ ಕೊರೆಸಿದೆ. ಆಮೇಲಿನ ಕೆಲವು ವರ್ಷ ನೀರು ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಕೊರೆಸಿದೆ. ಹಳೆಯ ಪೆಟ್ರೋಲ್ ಬಂಕುಗಳಲ್ಲಿ ನೆಲದೊಳಗೆ ಹೂತ ಟ್ಯಾಂಕು ತುಕ್ಕು ಹಿಡಿದು ತೂತಾಗುತ್ತದೆ. ಸೋರಿದ ಪೆಟ್ರೋಲು ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲೆ ತೇಲುತ್ತ ಸದ್ದಿಲ್ಲದೆ ಹರಡುತ್ತದೆ. ಒಂದು ದಿನ ಯಾರದೋ ಮನೆಯ ಬಿಂದಿಗೆಯಲ್ಲಿ ಕಾಮನಬಿಲ್ಲಿನ ಬಣ್ಣ ಕಾಣಿಸಿದಾಗಲೇ ಲೋಕಕ್ಕೆ ಎಚ್ಚರ. 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯ ಜನ ತಮ್ಮ ಬೋರ್‌ವೆಲ್‌ಗಳಲ್ಲಿ ನೀರಿನ ಜತೆ ತೈಲ ಕಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿ ಸೋರಿದ್ದು ನೆಲದಡಿಯ ಕೊಳವೆ. ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯಬೇಕಾದರೆ ಸುತ್ತ ಏಳೆಂಟು ಕಡೆ ಕೊರೆದು ನೋಡಬೇಕು. ಕೊರೆಯುವವರು ಬೇಕು.

ನಮ್ಮ ಕಡೆ ರಿಗ್ ಲಾರಿ ಬರುವುದು ಹೆಚ್ಚಾಗಿ ತಮಿಳುನಾಡಿನ ತಿರುಚೆಂಗೋಡಿನಿಂದ. ಡ್ರಿಲ್ಲರ್ ಅಲ್ಲಿಯವನು, ರಾಡು ಹೊರುವ ಹುಡುಗರು ಛತ್ತೀಸ್‌ಗಢ, ಒಡಿಶಾ ಕಡೆಯವರು. ನೀರಿನ ಬೋರ್ ಕೊರೆಯುವ ರಿಗ್ಗಿನಲ್ಲಿ ಕಂಪ್ರೆಸರಿನ ಗಾಳಿ ರಾಡಿನೊಳಗೆ ಇಳಿದು, ಸುತ್ತಿಗೆಯಂಥ ಬಿಟ್ಟನ್ನು ಬಡಿದು, ಪುಡಿಯಾದ ಕಲ್ಲನ್ನು ಹೊತ್ತು ಮೇಲೆ ಚಿಮ್ಮುತ್ತದೆ. ಪೆಟ್ರೋಲು ಕುಡಿದ ಮಣ್ಣಿನಲ್ಲಿ ಇದೇ ಗಾಳಿ ಆವಿಯನ್ನೂ ಕೆದಕಿ ತಂದು, ತೂತಿನ ಬಾಯಲ್ಲಿ ಬಗ್ಗಿ ರಾಡು ಸಿಕ್ಕಿಸುವ ಹುಡುಗನ ಮುಖಕ್ಕೆ ಒಯ್ಯುತ್ತದೆ. ಆದ್ದರಿಂದ ಇಂಥ ಕಡೆ ಮೆತ್ತನೆ ಮಣ್ಣಿರುವಷ್ಟು ಆಳಕ್ಕೆ ಗಾಳಿಯಿಲ್ಲದೆ, ಬೈರಿಗೆಯಂತೆ ತಿರುಗಿಸಿ ಕೊರೆಯುವುದು ಒಳ್ಳೆಯದು. ನಿಧಾನ, ಖರ್ಚೂ ಹೆಚ್ಚು. ಆ ಎರಡು ಕಾರಣಕ್ಕೇ ಅದನ್ನು ಮಂಜೂರು ಮಾಡಿಸಲು ಪ್ರತಿ ಸಲವೂ ವಾದ ಮಾಡಬೇಕಾಗುತ್ತಿತ್ತು.

"ವಾಸನೆ ಹೇಗಿದೆ?" ಎಂದು ಕೇಳಿದರೆ ಡ್ರಿಲ್ಲರ್ ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಅದೆಲ್ಲಾ ಅಭ್ಯಾಸ ಆಗಿದೆ ಸಾರ್" ಎನ್ನುತ್ತಿದ್ದ. ಧೈರ್ಯಕ್ಕೆ ಹೇಳಿದ ಮಾತಲ್ಲ, ನಿಜವನ್ನೇ ಹೇಳಿದ್ದು. ಹತ್ತು ನಿಮಿಷದಲ್ಲಿ ಅವನ ಮೂಗು ಸುಮ್ಮನಾಗಿತ್ತು. ಮುಖಕ್ಕೆ ಕಟ್ಟಿದ್ದ ಒದ್ದೆ ಟವೆಲ್ ಧೂಳನ್ನಷ್ಟೇ ತಡೆಯುತ್ತದೆ, ಆವಿಯನ್ನಲ್ಲ. ಅದು ಅವನಿಗೆ ಗೊತ್ತಿರಲಿಲ್ಲ.

ಅಪಾಯ ಇಲ್ಲಿ ಎರಡು ಬಗೆಯದು. ಒಂದು ಬೆಂಕಿ. ಅದಕ್ಕೆ ಎಲ್ಲರೂ ಹೆದರುತ್ತಾರೆ. ಬೀಡಿ ಆರಿಸು ಎಂದರೆ ಮರುಮಾತಿಲ್ಲದೆ ಆರಿಸುತ್ತಾರೆ. ಇನ್ನೊಂದು ಬೆಂಜೀನ್. ಪೆಟ್ರೋಲಿನಲ್ಲಿ ಸಹಜವಾಗಿ ಇರುವ ಇದು ರಕ್ತದ ಕ್ಯಾನ್ಸರ್ ತರುತ್ತದೆಂಬುದರಲ್ಲಿ ಈಗ ಯಾರಿಗೂ ಅನುಮಾನವಿಲ್ಲ. ಆದರೆ ಅದು ಬರುವುದು ವರ್ಷಗಳ ಮೇಲೆ. ಬೆಂಕಿ ಅಳೆಯುವ ಮೀಟರು ಒಂದಿದೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4 ಭಾಗವಾದರೆ ಕಿಡಿ ತಗುಲಿ ಸಿಡಿಯಬಹುದು. ಅದರ ಹತ್ತನೆಯ ಒಂದು ಭಾಗಕ್ಕೇ ಮೀಟರು ಕೂಗುವಂತೆ ಇಟ್ಟುಕೊಳ್ಳುವುದು ರೂಢಿ. ಕೂಗಲಿಲ್ಲವೆಂದರೆ ಕ್ಷೇಮ ಎಂದು ಎಲ್ಲರ ತಿಳಿವಳಿಕೆ. ಲೆಕ್ಕ ಹಾಕಿ ನೋಡಿ: ಕೂಗುವ ಮಟ್ಟವೆಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 1,400 ಭಾಗ ಆವಿ. ಅದರಲ್ಲಿ ಬೆಂಜೀನ್ ನೂರಕ್ಕೆ ಒಂದೇ ಎಂದುಕೊಂಡರೂ 14 ಭಾಗವಾಯಿತು. ಅಮೆರಿಕದ ಕಾನೂನು ಎಂಟು ಗಂಟೆಯ ಕೆಲಸಕ್ಕೆ ಒಪ್ಪುವುದು 1 ಭಾಗ. ಬೆಂಕಿಯ ಮೀಟರು ಮೌನವಾಗಿರುವಾಗಲೇ ಮನುಷ್ಯ ಹತ್ತಾರು ಪಟ್ಟು ಹೆಚ್ಚು ಉಸಿರಾಡಿರಬಹುದು. ಅದಕ್ಕೆ ಬೇರೆಯದೇ, ಸೂಕ್ಷ್ಮವಾದ ಮೀಟರು ಬೇಕು. ಅದನ್ನು ಹಿಡಿಯಬೇಕಾದ್ದು ನನ್ನ ಮೇಜಿನ ಹತ್ತಿರ ಅಲ್ಲ, ಬಗ್ಗಿದ ಹುಡುಗನ ಮೂಗಿನ ಎತ್ತರದಲ್ಲಿ.

ಆ 1 ಎಂಬ ಅಂಕಿಗೂ ಒಂದು ಕಥೆಯಿದೆ. 1978ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತೆಯ ಇಲಾಖೆ 10 ಇದ್ದ ಮಿತಿಯನ್ನು 1ಕ್ಕೆ ಇಳಿಸಿತು. ತೈಲೋದ್ಯಮ ಕೋರ್ಟಿಗೆ ಹೋಯಿತು. 1980ರಲ್ಲಿ ಸುಪ್ರೀಂ ಕೋರ್ಟು, ಅಪಾಯ ಗಣನೀಯವೆಂದು ಇಲಾಖೆ ಮೊದಲು ತೋರಿಸಲಿ ಎಂದು ಹೇಳಿ ನಿಯಮ ನಿಲ್ಲದಂತೆ ಮಾಡಿತು. ಗಣನೀಯ ಎಂದರೇನು? ನ್ಯಾಯಮೂರ್ತಿ ಸ್ಟೀವನ್ಸ್ ಒಂದು ಉದಾಹರಣೆ ಕೊಟ್ಟರು. ಕ್ಲೋರಿನ್ ಹಾಕಿದ ನೀರು ಕುಡಿದು ಕ್ಯಾನ್ಸರಿನಿಂದ ಸಾಯುವ ಸಂಭವ ನೂರು ಕೋಟಿಗೆ ಒಂದಾದರೆ ಅದು ಗಣನೀಯವಲ್ಲ. ನೂರಕ್ಕೆ ಎರಡು ಭಾಗ ಬೆಂಜೀನ್ ಇರುವ ಪೆಟ್ರೋಲ್ ಆವಿಯನ್ನು ನಿತ್ಯ ಉಸಿರಾಡಿ ಸಾಯುವ ಸಂಭವ ಸಾವಿರಕ್ಕೆ ಒಂದಾದರೆ ವಿವೇಕಿಯು ಗಣನೀಯವೆಂದಾನು ಎಂದು. ಆ 1 ಮತ್ತೆ ಕಾನೂನಾಗಿ ಬಂದದ್ದು 1987ರಲ್ಲಿ. ನಡುವಿನ ಒಂಬತ್ತು ವರ್ಷ ಉಸಿರಾಟವೇನೂ ನಿಂತಿರಲಿಲ್ಲ.

ಸಾವಿರಕ್ಕೆ ಒಬ್ಬ. ನನ್ನ ರಿಗ್ಗಿನಲ್ಲಿ ಇದ್ದವರು ಐದು ಜನ. ಗಣಿತದ ಪ್ರಕಾರ ನನ್ನ ಐವರಲ್ಲಿ ಯಾರಿಗೂ ಏನೂ ಆಗುವುದಿಲ್ಲವೆಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಇನ್ನೂರು ರಿಗ್ಗುಗಳ ಇನ್ನೂರು ಮೇಲ್ವಿಚಾರಕರೂ ಹಾಗೆಯೇ ಹೇಳಬಹುದು, ಒಬ್ಬರದಷ್ಟೇ ಸುಳ್ಳಾಗುತ್ತದೆ. ಯಾರದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಮುಖವಿಲ್ಲದ ಒಬ್ಬನಿಗೆ ನಾವು ಬಾಧ್ಯರೇ? ಬಾಧ್ಯರು ಎಂದೇ ನನ್ನ ಎಣಿಕೆ. ಮುಖ ಕಾಣಿಸದಿರುವುದು ನಮ್ಮ ಅನುಕೂಲವೇ ಹೊರತು ಅವನ ಅಪರಾಧವಲ್ಲ.

ಇದಕ್ಕೆ ಎದುರುವಾದವೂ ಹಗುರವಾದುದಲ್ಲ. "ಅವನೇ ಒಪ್ಪಿ ಬಂದಿದ್ದಾನಲ್ಲ, ತಡೆಯಲು ನೀವು ಯಾರು?" ಎಂದು ಒಬ್ಬ ಕಂಟ್ರಾಕ್ಟರು ನನ್ನನ್ನು ಕೇಳಿದ್ದರು. ಜಾನ್ ಸ್ಟುವರ್ಟ್ ಮಿಲ್ 1859ರ ತನ್ನ ಸ್ವಾತಂತ್ರ್ಯದ ಗ್ರಂಥದಲ್ಲಿ ಮುರಿದ ಸೇತುವೆಯ ದೃಷ್ಟಾಂತ ಕೊಡುತ್ತಾನೆ. ಸೇತುವೆ ಅಪಾಯದ್ದೆಂದು ಅರಿಯದೆ ಒಬ್ಬ ಕಾಲಿಡುತ್ತಿದ್ದರೆ, ಹೇಳಲು ಸಮಯವಿಲ್ಲದಾಗ ಹಿಡಿದೆಳೆದರೂ ಅವನ ಸ್ವಾತಂತ್ರ್ಯಕ್ಕೆ ಭಂಗವಿಲ್ಲ, ಏಕೆಂದರೆ ಹೊಳೆಗೆ ಬೀಳುವುದು ಅವನ ಇಚ್ಛೆಯಲ್ಲ. ಗೊತ್ತಿದ್ದೂ ದಾಟುವೆನೆಂದರೆ, ಎಚ್ಚರಿಸಿ ಬಿಡಬೇಕು. ಚೆನ್ನಾಗಿದೆ. ಆದರೆ ಮಿಲ್ಲನ ದಾರಿಹೋಕನಿಗೆ ಆಚೆ ದಡದಲ್ಲಿ ಕೂಲಿ ಕಾದಿರಲಿಲ್ಲ. ನಮ್ಮವನಿಗೆ ಕಾದಿದೆ, ಅದೂ ಅಡಿಯ ಲೆಕ್ಕದಲ್ಲಿ. ಕೊರೆದಷ್ಟು ಅಡಿಗೆ ದುಡ್ಡು, ನಿಂತ ಗಂಟೆಗೆ ಸೊನ್ನೆ.

ನಮ್ಮ ಸುರಕ್ಷತಾ ಪುಸ್ತಕದಲ್ಲಿ ಒಂದು ಸೊಗಸಾದ ವಾಕ್ಯವಿತ್ತು: ಅಪಾಯ ಕಂಡರೆ ಕೆಲಸ ನಿಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ನಿಲ್ಲಿಸಿದರೆ ನನಗೆ ಸಂಬಳ ಬರುತ್ತದೆ, ಅವನಿಗೆ ಊಟ ತಪ್ಪುತ್ತದೆ. ಇಬ್ಬರಿಗೂ ಒಂದೇ ಹಕ್ಕು ಎನ್ನುವುದು ಕಾಗದದ ಮೇಲಷ್ಟೇ ಸರಿ. ನಾನು ಪಟ್ಟು ಹಿಡಿದು ಕರಾರಿನಲ್ಲಿ ಒಂದು ಸಾಲು ಸೇರಿಸಿದೆ: ಆವಿಯ ಕಾರಣಕ್ಕೆ ನಿಂತ ಗಂಟೆಗೂ ರಿಗ್ಗಿನವರಿಗೆ ಬಾಡಿಗೆ, ಹುಡುಗರಿಗೆ ದಿನಗೂಲಿ. ಅದನ್ನು ಹೇಳಿದ ಮರುದಿನ "ಅಭ್ಯಾಸ ಆಗಿದೆ" ಎನ್ನುತ್ತಿದ್ದ ಅದೇ ಡ್ರಿಲ್ಲರ್ ಬಂದು, "ಆ ಮೀಟರ್ ಇತ್ತ ಕೊಡಿ ಸಾರ್, ನಾನೇ ನೋಡ್ತೀನಿ" ಎಂದ. ದಿನಕ್ಕೆ ಎರಡು ಮೂರು ಸಲ ನಿಲ್ಲಿಸಿದ. ಕೆಲಸಗಳ್ಳತನ ಎಂದರು ಕೆಲವರು. ಪ್ರತಿ ಸಲವೂ ನಾನು ಹೋಗಿ ಅಂಕಿ ನೋಡಿದೆ, ಒಮ್ಮೆಯೂ ಸುಳ್ಳಿರಲಿಲ್ಲ.

ಹಾಗೆಂದು ಎಲ್ಲ ಸರಿಹೋಯಿತೆಂದಲ್ಲ. ಏಪ್ರಿಲ್ ಬಿಸಿಲಿನಲ್ಲಿ ಇದ್ದಿಲ ಡಬ್ಬಿಯ ಮುಖವಾಡ, ರಬ್ಬರ್ ಗ್ಲೌಸು, ಮೈತುಂಬ ಬಟ್ಟೆ ಹಾಕಿಸಿದರೆ ಮನುಷ್ಯ ಬೆಂಜೀನ್ ತಪ್ಪಿಸಿಕೊಂಡು ಬಿಸಿಲಿಗೆ ಬೀಳುತ್ತಾನೆ. ಬೆಳಿಗ್ಗೆ ಆರಕ್ಕೇ ಶುರು ಮಾಡೋಣವೆಂದರೆ ಗಾಳಿಯಿಲ್ಲದ ಹೊತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕಾಲ ಬುಡದಲ್ಲೇ ಕೂತಿರುತ್ತದೆ. ಕೊನೆಗೆ ಗಾಳಿ ಏಳುವ ಒಂಬತ್ತಕ್ಕೆ ಶುರು, ಅರ್ಧ ಗಂಟೆಗೊಮ್ಮೆ ಆಳು ಬದಲು, ಮಧ್ಯಾಹ್ನ ಮೂರು ಗಂಟೆ ನೆರಳು ಎಂದು ಮಾಡಿಕೊಂಡೆವು. ತಿನ್ನುವ ಮುಂಚೆ ಕೈಗೆ ಸೋಪು, ಮಲಗುವ ಡೇರೆಗೆ ಆ ಬಟ್ಟೆಯಲ್ಲಿ ಹೋಗುವಂತಿಲ್ಲ.

ಉಳಿದದ್ದು ದಾಖಲೆಯ ಮಾತು. ಕಲ್ನಾರಿನ ಕಾರ್ಮಿಕರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ, ಕಾರ್ಮಿಕನ ಆರೋಗ್ಯವೂ ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದೆಂದು ಹೇಳಿತು. ಅವರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದೂ ಆದೇಶಿಸಿತು. ಕಾರ್ಖಾನೆಗಾದರೆ ಗೇಟಿದೆ, ಹಾಜರಿ ಪುಸ್ತಕವಿದೆ. ರಿಗ್ ಲಾರಿಗೆ ಏನಿದೆ? ನಮ್ಮ ಅಚ್ಚಾದ ನಮೂನೆಯಲ್ಲಿ ಪ್ರತಿ ತೂತಿನ ಆಳ, ಮಣ್ಣಿನ ಬಣ್ಣ, ನೀರಿನ ಮಟ್ಟಕ್ಕೆಲ್ಲ ಅಂಕಣವಿತ್ತು. ಮಣ್ಣಿನ ಮಾದರಿಗಳನ್ನು ಚೀಟಿ ಅಂಟಿಸಿ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕಾಯುತ್ತಿದ್ದೆವು. ಕೊರೆದವರ ಬಗ್ಗೆ ಇದ್ದದ್ದು ಒಂದೇ ಸಾಲು, "ಆಳುಗಳು: 5". ನಾನು ಅಂಚಿನಲ್ಲಿ ಗೆರೆ ಎಳೆದು ಹೆಸರು, ತಂದೆಯ ಹೆಸರು, ಊರು, ಆ ದಿನದ ಮೀಟರಿನ ಅಂಕಿ ಬರೆಯತೊಡಗಿದೆ. ಒಬ್ಬ ಹುಡುಗ ತಾನೇ ಬರೆಯುತ್ತೇನೆಂದು ಪೆನ್ನು ಇಸಿದುಕೊಂಡ. ಹೆಸರು ಬರೆದು ಊರಿನ ಅಂಕಣಕ್ಕೆ ಬಂದಾಗ ತಲೆ ಎತ್ತಿ, ಹುಟ್ಟಿದ ಊರು ಬರೆಯಲೋ, ರಿಗ್ಗಿನ ಊರು ಬರೆಯಲೋ ಎಂದು ಹಿಂದಿಯಲ್ಲಿ ಕೇಳಿದ. ಎರಡೂ ಬರಿಯಪ್ಪ ಎಂದೆ.